ಮೂಳೆಗೆ ಹರಡಿದ ಸ್ತನ ಕ್ಯಾನ್ಸರ್: ‘ಇನ್ನೆಷ್ಟು ಕಾಲ?’ ಎಂಬ ಪ್ರಶ್ನೆಯ ಲೆಕ್ಕ

ಸ್ತನ ಕ್ಯಾನ್ಸರ್ ಮೂಳೆಗೆ ಹರಡಿದ ಕೂಡಲೇ ಅದು ‘ಮೂಳೆ ಕ್ಯಾನ್ಸರ್’ ಆಗಿಬಿಡುತ್ತದೆ ಎಂಬ ನಂಬಿಕೆ ವಿದ್ಯಾವಂತರಲ್ಲೂ ಬೇರೂರಿದೆ. ಇದು ಬರಿಯ ಪದದ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಹೀಗೆ ನಂಬಿದವರು ಮೂಳೆಯಲ್ಲೇ ಹುಟ್ಟುವ, ಬೇರೆಯೇ ಸ್ವಭಾವದ ಕಾಯಿಲೆಯ ಅಂಕಿಅಂಶಗಳನ್ನು ಹುಡುಕಿ ಓದಿ, ತಮಗೆ ಸಂಬಂಧವೇ ಇಲ್ಲದ ಸಂಖ್ಯೆಗೆ ಹೆದರಿ ಕುಳಿತಿರುತ್ತಾರೆ. ಬೆನ್ನುಮೂಳೆಯಲ್ಲಿ ನೆಲೆಸಿದ ಮೇಲೂ ಆ ಜೀವಕೋಶ ಸ್ತನದ್ದೇ. ಹಾರ್ಮೋನಿನ ಸಂಕೇತವನ್ನು ಹಿಡಿಯುವ ಅದರ ಹಾರ್ಮೋನ್ ರಿಸೆಪ್ಟರ್‌ಗಳು, ಅದು ಮಣಿಯುವ ಔಷಧಿಗಳು, ಅದು ಬೆಳೆಯುವ ವೇಗ, ಇವೆಲ್ಲ ಬಹುಪಾಲು ತವರಿನ ಗುಣವನ್ನೇ ಉಳಿಸಿಕೊಂಡಿರುತ್ತವೆ. ಬಹುಪಾಲು ಎಂದು ಹೇಳಲು ಕಾರಣವಿದೆ: ಕೆಲವರಲ್ಲಿ ಹರಡಿದ ಜಾಗದ ಕೋಶಗಳ ರಿಸೆಪ್ಟರ್‌ಗಳು ಮೊದಲಿನಂತೆ ಇರುವುದಿಲ್ಲ. ಸಾಧ್ಯವಿದ್ದಲ್ಲಿ ವೈದ್ಯರು ಹರಡಿದ ಗಡ್ಡೆಯ ಚೂರನ್ನು ತೆಗೆದು ಮತ್ತೊಮ್ಮೆ ಪರೀಕ್ಷಿಸುವುದು ಅದಕ್ಕಾಗಿಯೇ.

ಅಷ್ಟಕ್ಕೂ ಈ ಕ್ಯಾನ್ಸರಿಗೆ ಮೂಳೆಯ ಮೇಲೇಕೆ ಇಷ್ಟು ಒಲವು? ದೂರದ ಅಂಗಗಳಿಗೆ ಹರಡುವಾಗ ಅದು ಎಲ್ಲಕ್ಕಿಂತ ಹೆಚ್ಚಾಗಿ ಸೇರುವುದು ಮೂಳೆಯನ್ನೇ. 1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಂದಿಯ ದಾಖಲೆಗಳನ್ನು ಮುಂದಿಟ್ಟುಕೊಂಡು ಇದೇ ಪ್ರಶ್ನೆಯನ್ನು ಕೇಳಿಕೊಂಡ. ರಕ್ತ ಎಲ್ಲಿಗೆ ಹರಿಯುತ್ತದೆಯೋ ಕ್ಯಾನ್ಸರ್ ಅಲ್ಲಿಗೆ ಹೋಗುತ್ತದೆ ಎನ್ನುವುದಾದರೆ ರಕ್ತಸಮೃದ್ಧವಾದ ಗುಲ್ಮದಲ್ಲೂ ಗಡ್ಡೆಗಳು ಧಾರಾಳವಾಗಿ ಕಾಣಬೇಕಿತ್ತು, ಕಾಣುತ್ತಿದ್ದುದು ಅಪರೂಪವಾಗಿ. ಬೀಜ ಎಲ್ಲ ಕಡೆಗೂ ಚೆಲ್ಲುತ್ತದೆ, ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂಬ ತೀರ್ಮಾನಕ್ಕೆ ಪ್ಯಾಜೆಟ್ ಬಂದ. 1920ರ ದಶಕದಲ್ಲಿ ಅಮೆರಿಕದ ಜೇಮ್ಸ್ ಯೂಯಿಂಗ್ ಇದನ್ನು ಒಪ್ಪದೆ, ರಕ್ತನಾಳಗಳ ದಾರಿಯೇ ಸಾಕಷ್ಟು ಕಾರಣವೆಂದು ವಾದಿಸಿದ. 1940ರಲ್ಲಿ ಆಸ್ಕರ್ ಬ್ಯಾಟ್ಸನ್ ಬೆನ್ನುಮೂಳೆಯ ಸುತ್ತಲಿನ ಕವಾಟಗಳಿಲ್ಲದ ಅಭಿಧಮನಿಗಳ ಜಾಲವನ್ನು ವಿವರಿಸಿದಾಗ ಯೂಯಿಂಗನ ವಾದಕ್ಕೂ ಬಲ ಬಂತು. ಇಂದು ನೋಡಿದರೆ ಇಬ್ಬರೂ ಸರಿ: ದಾರಿಯೂ ಬೇಕು, ಮಣ್ಣೂ ಬೇಕು. ಆದರೂ ನನಗೆ ಪ್ಯಾಜೆಟ್ಟನ ಮಣ್ಣೇ ಹೆಚ್ಚು ಸ್ವಾರಸ್ಯದ್ದಾಗಿ ತೋರುತ್ತದೆ, ಏಕೆಂದರೆ ಚಿಕಿತ್ಸೆಯ ಒಂದು ಕವಲು ಅಲ್ಲಿಂದಲೇ ಒಡೆದಿದೆ.

ಮೂಳೆ ಕಲ್ಲಿನಂತೆ ಜಡವಾದ ವಸ್ತುವಲ್ಲ. ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತಿರುತ್ತವೆ, ಆಸ್ಟಿಯೋಬ್ಲಾಸ್ಟ್‌ಗಳು ಹೊಸತನ್ನು ಕಟ್ಟುತ್ತಿರುತ್ತವೆ. ಗೋಡೆ ಕೆಡವುವ ಆಳುಗಳೂ ಗಾರೆಯವರೂ ಒಂದೇ ಮನೆಯಲ್ಲಿ ಬದುಕಿನುದ್ದಕ್ಕೂ ಕೆಲಸ ಮಾಡಿದಂತೆ. ಇಲ್ಲಿಗೆ ಬಂದ ಕ್ಯಾನ್ಸರ್ ಕೋಶ ತಾನಾಗಿ ಮೂಳೆಯನ್ನು ತಿನ್ನುವುದಿಲ್ಲ. ಪಿಟಿಎಚ್‌ಆರ್‌ಪಿ ಎಂಬ ಪ್ರೋಟೀನನ್ನು ಸುರಿಸಿ ಗಾರೆಯವರನ್ನೇ ಮರುಳು ಮಾಡುತ್ತದೆ. ಅವು ರ‍್ಯಾಂಕ್‌ಎಲ್ ಎಂಬ ಸಂಕೇತವನ್ನು ಹೊರಡಿಸುತ್ತವೆ, ಆ ಸಂಕೇತಕ್ಕೆ ಕೆಡವುವ ಆಳುಗಳ ಸಂಖ್ಯೆ ಹೆಚ್ಚುತ್ತದೆ. ಗೋಡೆ ಒಡೆದಾಗ ಅದರೊಳಗೆ ಹೂತಿಟ್ಟ ಗಂಟು ಹೊರಬೀಳುತ್ತದೆ. ಟಿಜಿಎಫ್-ಬೀಟಾದಂತಹ ಬೆಳವಣಿಗೆಯ ಅಂಶಗಳೇ ಆ ಗಂಟು. ಅದನ್ನು ಉಂಡ ಕ್ಯಾನ್ಸರ್ ಕೋಶ ಇನ್ನಷ್ಟು ಪಿಟಿಎಚ್‌ಆರ್‌ಪಿ ಸುರಿಸುತ್ತದೆ. ಚಕ್ರಬಡ್ಡಿಯ ಸಾಲದಂತೆ ಪ್ರತಿ ಸುತ್ತೂ ಮುಂದಿನ ಸುತ್ತನ್ನು ದೊಡ್ಡದು ಮಾಡುತ್ತದೆ. ಜೋಲೆಡ್ರೋನಿಕ್ ಆಮ್ಲ ಎಂಬ ಔಷಧಿ ಕೆಡವುವ ಆಳುಗಳನ್ನೇ ಕುಗ್ಗಿಸುತ್ತದೆ. 2010ರಲ್ಲಿ ಈ ಬಳಕೆಗೆ ಅಮೆರಿಕದಲ್ಲಿ ಅನುಮತಿ ಪಡೆದ ಡೆನೋಸುಮ್ಯಾಬ್ ರ‍್ಯಾಂಕ್‌ಎಲ್ ಸಂಕೇತವನ್ನು ನಡುದಾರಿಯಲ್ಲೇ ಹಿಡಿದುಹಾಕುತ್ತದೆ. ಇವುಗಳಿಂದ ಮೂಳೆ ಮುರಿತವೂ ವಿಕಿರಣ ಚಿಕಿತ್ಸೆಯ ಅಗತ್ಯವೂ ತಗ್ಗುತ್ತವೆಯಾದರೂ, ಹರಡಿದ ಹಂತದಲ್ಲಿ ಇವು ಆಯುಸ್ಸನ್ನು ಹೆಚ್ಚಿಸುತ್ತವೆಂದು ಪ್ರಯೋಗಗಳು ತೋರಿಸಿಲ್ಲ. ಆಯುಸ್ಸಿನ ಭಾರ ಬೀಳುವುದು ಕ್ಯಾನ್ಸರ್ ಕೋಶದ ಮೇಲೆಯೇ ಕೆಲಸ ಮಾಡುವ ಔಷಧಿಗಳ ಮೇಲೆ.

ಇದೇ ಕೆಡವುವ ಮತ್ತು ಕಟ್ಟುವ ಆಟದಿಂದ ಇನ್ನೊಂದು ಅನಗತ್ಯ ಭಯ ಹುಟ್ಟುತ್ತದೆ. ಬೋನ್ ಸ್ಕ್ಯಾನ್ ಕ್ಯಾನ್ಸರನ್ನು ನೋಡುವುದಿಲ್ಲ. ಹೊಸ ಮೂಳೆ ಎಲ್ಲಿ ಕಟ್ಟಲ್ಪಡುತ್ತಿದೆಯೋ ಅಲ್ಲಿ ಟೆಕ್ನೀಷಿಯಂ ಎಂಬ ವಿಕಿರಣಶೀಲ ಧಾತು ಬೆರೆಸಿದ ಔಷಧಿ ಸೇರಿಕೊಂಡು ಕಪ್ಪು ಚುಕ್ಕೆಯಾಗಿ ತೋರುತ್ತದೆ. ಚಿಕಿತ್ಸೆ ಫಲ ಕೊಟ್ಟಾಗ ಗಾರೆಯವರು ಹಾನಿಯನ್ನು ಭರದಿಂದ ತುಂಬತೊಡಗುವುದರಿಂದ, ಮೊದಲ ಕೆಲವು ತಿಂಗಳುಗಳಲ್ಲಿ ಚುಕ್ಕೆಗಳು ಗಾಢವಾಗಬಹುದು, ಮೊದಲು ಕಾಣದಿದ್ದವು ಹೊಸದಾಗಿ ಮೂಡಲೂಬಹುದು. ಇದಕ್ಕೆ ‘ಫ್ಲೇರ್’ ಎನ್ನುತ್ತಾರೆ. ವಾಸಿಯಾಗುತ್ತಿರುವುದರ ಗುರುತನ್ನೇ ಉಲ್ಬಣವೆಂದು ಓದಿ ಫಲಿಸುತ್ತಿರುವ ಔಷಧಿಯನ್ನು ಬಿಟ್ಟರೆ ಆಗುವ ನಷ್ಟ ಸಣ್ಣದಲ್ಲ. ನೋವು, ರಕ್ತಪರೀಕ್ಷೆ, ಸಿ.ಟಿ. ಸ್ಕ್ಯಾನ್ ಎಲ್ಲವನ್ನೂ ಜೊತೆಗಿಟ್ಟು ನೋಡದೆ ಒಂದು ಸ್ಕ್ಯಾನಿನ ವರದಿಯಿಂದ ತೀರ್ಪು ಕೊಡಲಾಗದು.

ಇನ್ನು ಮುನ್ನರಿವಿನ ವಿಷಯ. ವೈದ್ಯರು ಪ್ರಾಗ್ನೋಸಿಸ್ ಎನ್ನುವುದು ಇದನ್ನೇ. ಕ್ಯಾನ್ಸರ್ ಮೂಳೆಗಷ್ಟೇ ಸೀಮಿತವಾಗಿರುವವರು, ಯಕೃತ್ತು ಅಥವಾ ಮಿದುಳಿಗೂ ಹರಡಿರುವವರಿಗಿಂತ ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುತ್ತಾರೆ. ಯಕೃತ್ತು ಸೋತರೆ ದೇಹ ನಿಲ್ಲದು. ಸೊಂಟದ ಮೂಳೆಯಲ್ಲಿನ ಗಡ್ಡೆ ಎಷ್ಟೇ ನೋಯಿಸಿದರೂ ಅದರಿಂದಲೇ ಜೀವ ಹೋಗುವುದು ವಿರಳ. ಇದಕ್ಕೆ ಎರಡು ಮುಖ್ಯ ಅಪವಾದಗಳಿವೆ: ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರುವುದು ಮತ್ತು ಬೆನ್ನುಹುರಿ ಒತ್ತಿಹೋಗುವುದು. ಬೆನ್ನುನೋವಿನ ಜೊತೆಗೆ ಕಾಲುಗಳಲ್ಲಿ ಬಲ ಕುಂದಿದರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮುನ್ನರಿವಿನಲ್ಲಿ ಜಾಗದಷ್ಟೇ, ಎಷ್ಟೋ ಸಲ ಅದಕ್ಕಿಂತಲೂ ಹೆಚ್ಚಿನ ಮಾತು ಕ್ಯಾನ್ಸರಿನ ಬಗೆಯದು. ಮೂಳೆಯನ್ನು ಮುಖ್ಯವಾಗಿ ಅರಸುವುದು ಹಾರ್ಮೋನಿಗೆ ಸ್ಪಂದಿಸುವ ಬಗೆ, ಅದಕ್ಕೆ ಇಂದು ಸಾಲುಸಾಲು ಔಷಧಿಗಳಿವೆ. ಈಸ್ಟ್ರೋಜನ್, ಪ್ರೊಜೆಸ್ಟೆರಾನ್ ಹಾರ್ಮೋನುಗಳ ಮತ್ತು ಕೋಶದ ಬೆಳವಣಿಗೆಯನ್ನು ಪ್ರಚೋದಿಸುವ ಹರ್2 ಎಂಬ ಮೂರೂ ರಿಸೆಪ್ಟರ್‌ಗಳಿಲ್ಲದ ಟ್ರಿಪಲ್ ನೆಗೆಟಿವ್ ಬಗೆಯ ಹಾದಿ ಹೆಚ್ಚು ಕಠಿಣವಾದುದು. ಮೊದಲ ಚಿಕಿತ್ಸೆ ಮುಗಿದು ಎಷ್ಟು ವರ್ಷಗಳ ಮೇಲೆ ಕಾಯಿಲೆ ಮರಳಿತು, ರೋಗಿ ಎಷ್ಟು ಓಡಾಡಿಕೊಂಡಿದ್ದಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಸಂಖ್ಯೆಗಳನ್ನು ನೋಡೋಣ. ಋತುಬಂಧವಾದ, ಹಾರ್ಮೋನಿಗೆ ಸ್ಪಂದಿಸುವ ಹಾಗೂ ಹರ್2 ಇಲ್ಲದ ಮುಂದುವರಿದ ಕ್ಯಾನ್ಸರಿನ ಮಹಿಳೆಯರಲ್ಲಿ ನಡೆದ ಒಂದು ದೊಡ್ಡ ಪ್ರಯೋಗದಲ್ಲಿ, ಹಾರ್ಮೋನನ್ನು ತಗ್ಗಿಸುವ ಲೆಟ್ರೋಜೋಲ್ ಮಾತ್ರ ಪಡೆದವರ ಬದುಕುಳಿದ ಅವಧಿಯ ಮಧ್ಯಾಂಕ 51.4 ತಿಂಗಳು, ಜೊತೆಗೆ ಕೋಶ ವಿಭಜನೆಯನ್ನು ತಡೆಯುವ ರೈಬೋಸಿಕ್ಲಿಬ್ ಪಡೆದವರದು 63.9 ತಿಂಗಳು. ಮಧ್ಯಾಂಕವೆಂದರೆ ಗಡುವಲ್ಲ: ನೂರು ಜನರನ್ನು ಆಯುಸ್ಸಿನ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವವರ ಆಯುಸ್ಸು ಅಷ್ಟೆ. ಸಾಲಿನ ಎಡತುದಿ ಸೊನ್ನೆಗೆ ಕಟ್ಟಿಬಿದ್ದಿದೆ, ಬಲತುದಿಗೆ ಅಂಥ ಕಟ್ಟಿಲ್ಲ. ಹರ್2 ಇರುವ ಬಗೆಗೆ ನಡೆದ ಕ್ಲಿಯೋಪಾಟ್ರ ಎಂಬ ಪ್ರಯೋಗದಲ್ಲಿ ಹರ್2ನ್ನು ತಡೆಯುವ ಪರ್ಟುಜುಮ್ಯಾಬ್ ಸೇರಿಸಿ ಪಡೆದವರ ಮಧ್ಯಾಂಕ 57.1 ತಿಂಗಳು, ಆದರೂ ಎಂಟು ವರ್ಷಗಳ ಮೇಲೂ ಅವರಲ್ಲಿ 37% ಮಂದಿ ಬದುಕಿದ್ದರು. (ಈ ಎರಡೂ ಪ್ರಯೋಗಗಳಲ್ಲಿ ಮೂಳೆಯಾಚೆಗೂ ಹರಡಿದವರಿದ್ದರು ಎಂಬುದನ್ನು ಮರೆಯಬಾರದು.) ಪಳೆಯುಳಿಕೆಗಳ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್‌ಗೆ 1982ರಲ್ಲಿ ಮೀಸೋಥೀಲಿಯೋಮ ಎಂಬ ಬೇರೊಂದು ಕ್ಯಾನ್ಸರ್ ಪತ್ತೆಯಾದಾಗ ಅದರ ಮಧ್ಯಾಂಕ ಎಂಟು ತಿಂಗಳಿತ್ತು. ಆತ ಬದುಕಿದ್ದು ಇಪ್ಪತ್ತು ವರ್ಷ, ತೀರಿಕೊಂಡದ್ದು ಮತ್ತೊಂದು ಕ್ಯಾನ್ಸರಿನಿಂದ. ಇಂತಹ ಕಥೆಗಳನ್ನೇ ಬಂಡವಾಳ ಮಾಡಿಕೊಂಡು ಪವಾಡದ ಮದ್ದು ಮಾರುವವರಿದ್ದಾರೆ, ಅದು ನನಗೆ ನಿಜವಾದ ಆತಂಕ. ಗೂಲ್ಡ್ ಶಸ್ತ್ರಚಿಕಿತ್ಸೆ, ಕೀಮೋಥೆರಪಿಗಳನ್ನು ಪಡೆದು ಸಾಲಿನ ಬಲತುದಿಗೆ ತಲುಪಿದವನು. ಸಾಲನ್ನು ಹಾರಿ ಹೋದವನಲ್ಲ.

ವೈದ್ಯರ ಅಂದಾಜೂ ಎಡವುತ್ತದೆ. ಅಂತ್ಯಕಾಲದ ಆರೈಕೆಗೆ ಸೇರಿದ 468 ರೋಗಿಗಳ ಬಗ್ಗೆ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವೈದ್ಯರ ಅಂದಾಜು ಐದರಲ್ಲಿ ಒಂದು ಸಲ ಮಾತ್ರ ಸರಿಯಾಗಿತ್ತು, ತಪ್ಪಿದ್ದು ಹೆಚ್ಚಾಗಿ ಆಶಾವಾದದ ಕಡೆಗೆ. ಆಸ್ಟ್ರೇಲಿಯಾದ ಬೆಲಿಂಡಾ ಕೀಲಿ, ಮಾರ್ಟಿನ್ ಸ್ಟಾಕ್ಲರ್ ಮುಂತಾದವರು ಒಂದು ಸಂಖ್ಯೆಯ ಬದಲು ಹರವನ್ನು ಹೇಳುವ ಒರಟು ಲೆಕ್ಕವೊಂದನ್ನು ಹರಡಿದ ಸ್ತನ ಕ್ಯಾನ್ಸರಿನ ಪ್ರಯೋಗಗಳಿಂದಲೇ ತೆಗೆದರು. ಮಧ್ಯಾಂಕ 24 ತಿಂಗಳು ಎಂದಿಟ್ಟುಕೊಂಡರೆ, ಸುಮಾರು ಅರ್ಧದಷ್ಟು ಜನ ಅದರ ಅರ್ಧದಿಂದ ಇಮ್ಮಡಿಯೊಳಗೆ, ಅಂದರೆ 12ರಿಂದ 48 ತಿಂಗಳೊಳಗೆ ಬರುತ್ತಾರೆ. ಹತ್ತರಲ್ಲೊಬ್ಬರು ಮೂರು ಪಟ್ಟು, ಎಂದರೆ 72 ತಿಂಗಳು ದಾಟುತ್ತಾರೆ. ಹತ್ತರಲ್ಲೊಬ್ಬರು ನಾಲ್ಕನೆಯ ಒಂದು ಭಾಗವಾದ 6 ತಿಂಗಳನ್ನೂ ದಾಟಲಾರರು. ‘ಎಷ್ಟು ಕಾಲ’ ಎಂದು ಕೇಳುವವರು ಈ ಮೂರನ್ನೂ ಕೇಳಿ ತಿಳಿಯಬಹುದು. ಮೊದಲ ದಿನ ಕೇಳಿದ ಉತ್ತರವೂ ಅಲ್ಲಿಗೇ ನಿಲ್ಲುವುದಿಲ್ಲ: ಮೊದಲ ಔಷಧಿಗೆ ಕಾಯಿಲೆ ಬಗ್ಗಿತೇ, ಒಂದು ವರ್ಷ ಸ್ಥಿರವಾಗಿ ಕಳೆಯಿತೇ ಎಂಬುದು ಗೊತ್ತಾದ ಮೇಲೆ ಅದೇ ಲೆಕ್ಕವನ್ನು ಅಲ್ಲಿಂದ ಮತ್ತೆ ಹೊಸದಾಗಿ ಹಾಕಬೇಕಾಗುತ್ತದೆ.