ಮಲಗಿದವರನ್ನು ನೋಡಿಕೊಳ್ಳುವ ಕೈಗೆ ಗೊತ್ತಿರಬೇಕಾದ ವಿಜ್ಞಾನ

ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋದ ಅಜ್ಜನನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಿಂದ ಶಿಗ್ಗಾವಿಗೋ ನರಗುಂದಕ್ಕೋ ವಾಪಸ್ ಕರೆದುಕೊಂಡು ಹೋಗುವಾಗ ಮನೆಯವರ ಕೈಯಲ್ಲಿ ಏನಿರುತ್ತದೆ? ಡಿಸ್ಚಾರ್ಜ್ ಚೀಟಿ, ಗುಳಿಗೆಗಳ ಚೀಲ, ಮತ್ತೆ ಬರಬೇಕಾದ ತಾರೀಖು. ಗುಳಿಗೆ ಯಾವ ಹೊತ್ತಿಗೆ ಅಂತ ಬರೆದಿರುತ್ತದೆ. ಆದರೆ ಅಜ್ಜನನ್ನು ಹೇಗೆ ಹೊರಳಿಸಬೇಕು, ಹೇಗೆ ಕೂರಿಸಿ ಉಣಿಸಬೇಕು, ಏನು ಕಂಡರೆ ರಾತ್ರೋರಾತ್ರಿ ಗಾಡಿ ಹತ್ತಿಸಬೇಕು ಅನ್ನೋದನ್ನು ಎಷ್ಟೋ ಸಲ ಯಾರೂ ಕೂತು ಹೇಳಿರುವುದಿಲ್ಲ. ಮುಂದಿನ ಕೆಲವು ತಿಂಗಳು ಅಜ್ಜ ಹೇಗಿರುತ್ತಾನೆ ಅನ್ನೋದು ಗುಳಿಗೆಯಷ್ಟೇ ಇದರ ಮೇಲೂ ನಿಂತಿರುತ್ತದೆ.

ಅಮೆರಿಕದಲ್ಲಿ ಈ ಕೆಲಸಕ್ಕೆಂದೇ ಒಂದು ಹುದ್ದೆ ಇದೆ. ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್ ಅಂತಾರೆ. ವೃದ್ಧರನ್ನು ಇಟ್ಟುಕೊಳ್ಳುವ ನರ್ಸಿಂಗ್ ಹೋಮ್‌ಗಳನ್ನು ಸುಧಾರಿಸಲು ಅಲ್ಲಿ 1987ರಲ್ಲಿ ಒಂದು ಕಾನೂನು ಬಂತು. ಕನಿಷ್ಠ 75 ಗಂಟೆ ತರಬೇತಿ, ಆಮೇಲೆ ಪರೀಕ್ಷೆ ಅಂತ ಅದು ಗೊತ್ತುಮಾಡಿತು. ಅದರಲ್ಲಿ ಮೊದಲ 16 ಗಂಟೆ ಕಲಿಯದೆ ರೋಗಿಯ ಮೈ ಮುಟ್ಟುವ ಹಾಗಿಲ್ಲ. ನಮ್ಮ ದೇಶದಲ್ಲೂ ಕೌಶಲ್ಯ ತರಬೇತಿಯಲ್ಲಿ ಜನರಲ್ ಡ್ಯೂಟಿ ಅಸಿಸ್ಟೆಂಟ್ ಅಂತ ಕೋರ್ಸ್ ಇದೆ. ಆದರೆ ನಮ್ಮ ಕಡೆ ಈ ಕೆಲಸ ಮಾಡುವವರು ಜಾಸ್ತಿ ಯಾರು? ವಾರ್ಡಿನಲ್ಲಿ ಆಯಾ, ವಾರ್ಡ್ ಬಾಯ್. ಮನೆಯಲ್ಲಿ ಮಗಳು, ಸೊಸೆ. ಇವರ ಕೆಲಸವನ್ನು ಕೀಳಾಗಿ ನೋಡುವ ಚಟ ನಮಗಿದೆ. ಈ ಕೆಲಸದ ಒಂದೊಂದು ಹೆಜ್ಜೆಯ ಹಿಂದೆಯೂ ದೇಹದ ವಿಜ್ಞಾನ ಇದೆ, ಗೊತ್ತಿದ್ದು ಮಾಡುವವರಿಗೂ ಗೊತ್ತಿಲ್ಲದೆ ಮಾಡುವವರಿಗೂ ನಡುವೆ ಒಂದು ಜೀವದಷ್ಟು ಅಂತರ ಇದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಹೊರಳಿಸುವುದರಿಂದ ಶುರು ಮಾಡೋಣ. ಚರ್ಮಕ್ಕೆ ರಕ್ತ ತರುವ ಅತಿ ಸಣ್ಣ ನಾಳಗಳಲ್ಲಿ ಒತ್ತಡ ಬಹಳ ಕಡಿಮೆ. 1930ರಲ್ಲಿ ಯೂಜೀನ್ ಲ್ಯಾಂಡಿಸ್ ಎಂಬ ವಿಜ್ಞಾನಿ ಉಗುರಿನ ಬುಡದ ಸಣ್ಣ ನಾಳಗಳಲ್ಲಿ ಅಳೆದಾಗ ರಕ್ತ ಒಳಬರುವ ತುದಿಯಲ್ಲಿ ಸುಮಾರು 32 ಮಿಲಿಮೀಟರ್ ಪಾದರಸ ಬಂತು. ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿ 120 ಇದ್ದರೆ, ಇದು ಅದರ ಕಾಲು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಅಂಗಾತ ಮಲಗಿದವರ ಟೊಂಕದ ಕೆಳಗಿನ ಮೂಳೆ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ, ಇಲ್ಲೆಲ್ಲ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಮಾಂಸದ ಮೇಲೆ ಇದಕ್ಕಿಂತ ಎಷ್ಟೋ ಜಾಸ್ತಿ ಒತ್ತಡ ಬೀಳುತ್ತದೆ. ಹೊಲಕ್ಕೆ ನೀರು ಬಿಡುವ ಪೈಪಿನ ಮೇಲೆ ಕಾಲಿಟ್ಟ ಹಾಗೆ ನಾಳ ಮುಚ್ಚಿಕೊಳ್ಳುತ್ತದೆ. ಬಹಳ ಹೊತ್ತು ರಕ್ತ ಸಿಗದಿದ್ದರೆ ಅಲ್ಲಿನ ಮಾಂಸ ಸತ್ತು ಹುಣ್ಣಾಗುತ್ತದೆ, ಅದೇ ಹಾಸಿಗೆ ಹುಣ್ಣು. ನಮಗೆ ನಿಮಗೆ ಹಾಸಿಗೆ ಹುಣ್ಣು ಯಾಕೆ ಆಗೋದಿಲ್ಲ ಅಂದರೆ ನಾವು ನಿದ್ದೆಯಲ್ಲೂ ಮಗ್ಗುಲು ಬದಲಿಸುತ್ತಿರುತ್ತೇವೆ. ಲಕ್ವ ಹೊಡೆದವರಿಗೆ ಹೊರಳಲು ಬಲ ಇಲ್ಲ, ಕೆಲವರಿಗೆ ನೋವೇ ಗೊತ್ತಾಗುವುದಿಲ್ಲ.

ಎರಡು ತಾಸಿಗೊಮ್ಮೆ ಹೊರಳಿಸಿ ಅಂತ ಹೇಳುತ್ತಾರಲ್ಲ, ಅದಕ್ಕೊಂದು ಇತಿಹಾಸ ಇದೆ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಯುದ್ಧದಲ್ಲಿ ಬೆನ್ನುಹುರಿ ಮುರಿದ ಸೈನಿಕರಿಗೆ ಅಂತಲೇ ಒಂದು ಘಟಕ ಶುರು ಮಾಡಿದರು. ಅಲ್ಲಿಯವರೆಗೆ ಅಂಥವರಲ್ಲಿ ಬಹಳ ಜನ ಹಾಸಿಗೆ ಹುಣ್ಣಿನ ಸೋಂಕಿನಿಂದ, ಮೂತ್ರದ ಸೋಂಕಿನಿಂದ ಸಾಯುತ್ತಿದ್ದರು. ಹಗಲು ರಾತ್ರಿ ಎನ್ನದೆ ಎರಡು ತಾಸಿಗೊಮ್ಮೆ ಹೊರಳಿಸಬೇಕು ಅಂತ ಗುಟ್‌ಮನ್ ಹಟ ಹಿಡಿದರು. ಮುಂದೆ ಆ ಘಟಕದ ರೋಗಿಗಳು ಬಿಲ್ಲುಬಾಣ ಹಿಡಿದು ಆಟಕ್ಕಿಳಿದರು. ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಅಲ್ಲಿಂದ.

ಹಾಸಿಗೆ ಹುಣ್ಣಿನ ಒಂದು ಮೋಸ ಅಂದರೆ ಅದು ಎಷ್ಟೋ ಸಲ ಒಳಗಿನಿಂದ ಶುರುವಾಗುತ್ತದೆ. ರಕ್ತ ನಿಂತರೆ ಚರ್ಮಕ್ಕಿಂತ ಮಾಂಸಖಂಡ ಬೇಗ ಸಾಯುತ್ತದೆ. ಮೇಲೆ ರೂಪಾಯಿ ಅಗಲದ ಕಲೆ ಕಾಣುವಾಗ ಒಳಗೆ ಮೂಳೆಯ ತನಕ ಹೋಗಿರಬಹುದು. ಪುಸ್ತಕದಲ್ಲಿ "ಕೆಂಪಗಾಗುತ್ತದೆ, ಬೆರಳಿಂದ ಒತ್ತಿ ಬಿಟ್ಟರೂ ಬೆಳ್ಳಗಾಗುವುದಿಲ್ಲ" ಅಂತ ಬರೆದಿರುತ್ತಾರೆ. ಅದು ಬಿಳಿ ಚರ್ಮ ನೋಡಿ ಬರೆದದ್ದು. ನಮ್ಮ ಹೊಲದ ಬಿಸಿಲಲ್ಲಿ ದುಡಿದ ಅಜ್ಜನ ಮೈಮೇಲೆ ಕೆಂಪು ಎಲ್ಲಿ ಕಾಣಬೇಕು? ಸುತ್ತಲಿನ ಚರ್ಮಕ್ಕಿಂತ ಕಪ್ಪು ಅಥವಾ ನೇರಳೆ ಬಣ್ಣ ನೋಡಬೇಕು. ಅಂಗೈ ಹಿಂಭಾಗ ಇಟ್ಟು ನೋಡಿ: ಅಲ್ಲಿ ಮಾತ್ರ ಬಿಸಿ ಇದೆಯಾ, ಗಟ್ಟಿ ಅನಿಸುತ್ತದಾ, ಇಲ್ಲಾ ಮೆತ್ತಗೆ ಕೆಸರಿನ ಹಾಗಿದೆಯಾ? ದಿನಾ ಮೈ ಒರೆಸುವಾಗ ಇದನ್ನು ನೋಡಿದರೆ ಸಾಕು, ಬೇರೆ ಹೊತ್ತು ಬೇಕಿಲ್ಲ.

ಹೊರಳಿಸುವಾಗ ಎಳೆಯಬಾರದು. ಎಳೆದರೆ ಚರ್ಮ ಹಾಸಿಗೆಗೆ ಅಂಟಿಕೊಂಡು ಒಳಗಿನ ಮಾಂಸ ಮಾತ್ರ ಸರಿಯುತ್ತದೆ, ಸಣ್ಣ ನಾಳಗಳು ಹರಿಯುತ್ತವೆ. ಹಳೆಯ ಕಾಟನ್ ಸೀರೆಯನ್ನು ಮಡಚಿ ಭುಜದಿಂದ ತೊಡೆಯ ತನಕ ಕೆಳಗೆ ಹಾಸಿಡಿ. ಇಬ್ಬರು ಆ ಕಡೆ ಈ ಕಡೆ ನಿಂತು ಸೀರೆಯ ಅಂಚು ಹಿಡಿದು ಎತ್ತಿ ಸರಿಸಿದರೆ ಸೊಂಟಕ್ಕೂ ಕ್ಷೇಮ, ರೋಗಿಗೂ ಕ್ಷೇಮ. ಪೂರ್ತಿ ಮಗ್ಗುಲಾಗಿ ಮಲಗಿಸಿದರೆ ಸೊಂಟದ ಪಕ್ಕದ ಮೂಳೆ ಮೇಲೆ ಭಾರ ಬೀಳುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾಗಿಸಿದರೆ ಸಾಕು. ಮೀನಖಂಡದ ಕೆಳಗೆ ಒಂದು ದಿಂಬು, ಹಿಮ್ಮಡಿ ಗಾಳಿಯಲ್ಲಿ ತೇಲುತ್ತಿರಬೇಕು. ಕೌದಿ ನಮ್ಮ ಕಡೆ ಪ್ರೀತಿಯ ಹೊದಿಕೆ, ಆದರೆ ಅದರ ದಪ್ಪ ಹೊಲಿಗೆ, ತೇಪೆ ಮೈಗೆ ಒತ್ತುತ್ತವೆ. ಇಂಥವರಿಗೆ ಹೊದಿಸಲು ಇರಲಿ, ಹಾಸಲು ಬೇಡ. ಕಪ್ಪಾದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವುದು, ಸ್ಪಿರಿಟ್ ಒರೆಸಿ ಪೌಡರ್ ಸುರಿಯುವುದು, ಟೊಂಕದ ಕೆಳಗೆ ರಬ್ಬರ್ ರಿಂಗ್ ಇಡುವುದು, ಇವು ಮೂರೂ ಹಳೆಯ ರೂಢಿಗಳು, ಮೂರೂ ಬಿಡಬೇಕು. ತಿಕ್ಕಿದರೆ ಒಳಗೆ ಪೆಟ್ಟಾದ ಮಾಂಸಕ್ಕೆ ಮತ್ತೆ ಪೆಟ್ಟು. ರಿಂಗ್ ಇಟ್ಟರೆ ನಡುವಿನ ಜಾಗಕ್ಕೆ ಸುತ್ತಲಿಂದ ಬರುವ ರಕ್ತವೇ ನಿಲ್ಲುತ್ತದೆ.

ಏರ್ ಬೆಡ್ ತಂದರೆ ಹೊರಳಿಸುವ ಕೆಲಸ ಮುಗಿಯಿತು ಅಂತ ಬಹಳ ಜನ ತಿಳಿಯುತ್ತಾರೆ. ಇಲ್ಲ. ಅದು ಸಹಾಯ ಅಷ್ಟೇ. ಕರೆಂಟ್ ಹೋದರೆ ಅದರ ಪಂಪೂ ನಿಲ್ಲುತ್ತದೆ, ಹಳ್ಳಿಯಲ್ಲಿ ಇದನ್ನು ನೆನಪಿಡಬೇಕು. ಏಪ್ರಿಲ್‌ನ ಗದಗಿನ ಸೆಕೆಯಲ್ಲಿ ಬೆವರು, ಜೊತೆಗೆ ಒದ್ದೆಯಾದ ಬಟ್ಟೆ ಸೇರಿದರೆ ಚರ್ಮ ನೆನೆದು ಸುಲಭವಾಗಿ ಕಿತ್ತು ಬರುತ್ತದೆ. ಹಾಗಾಗಿ ಒದ್ದೆ ಬಟ್ಟೆ ಕೂಡಲೇ ಬದಲಿಸಬೇಕು, ಮುಂದಿನ ಸರದಿ ಬರಲಿ ಅಂತ ಕಾಯಬಾರದು.

ಇನ್ನು ಉಣಿಸುವುದು. ನನ್ನ ಪ್ರಕಾರ ಇದು ಎಲ್ಲಕ್ಕಿಂತ ಅಪಾಯದ ಕೆಲಸ, ಎಲ್ಲಕ್ಕಿಂತ ಹಗುರವಾಗಿ ತೆಗೆದುಕೊಳ್ಳುವ ಕೆಲಸವೂ ಇದೇ. ಗಂಟಲಲ್ಲಿ ಗಾಳಿಯ ದಾರಿ, ಅನ್ನದ ದಾರಿ ಒಂದೇ ಕಡೆ ಕೂಡುತ್ತವೆ. ನುಂಗುವ ಕ್ಷಣದಲ್ಲಿ ಉಸಿರು ನಿಲ್ಲುತ್ತದೆ, ಧ್ವನಿಪೆಟ್ಟಿಗೆ ಮೇಲೇಳುತ್ತದೆ, ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ, ತುತ್ತು ಜಾರಿ ಹೋದಮೇಲೆ ಮತ್ತೆ ತೆರೆಯುತ್ತದೆ. ಎಲ್ಲ ಸುಮಾರು ಒಂದು ಸೆಕೆಂಡಿನಲ್ಲಿ. ನಿಮ್ಮ ಗಂಟಲ ಮೇಲೆ ಬೆರಳಿಟ್ಟು ನುಂಗಿ ನೋಡಿ, ಗಂಟಲಗಂಟು ಮೇಲೇರುವುದು ಗೊತ್ತಾಗುತ್ತದೆ. ಲಕ್ವ ಹೊಡೆದ ಮೊದಲ ದಿನಗಳಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಈ ತಾಳ ತಪ್ಪುತ್ತದೆ. ಆಗ ತುತ್ತು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ವಿಚಿತ್ರ ಅನಿಸಬಹುದು, ಗಟ್ಟಿ ಗಂಜಿಗಿಂತ ನೀರೇ ಜಾಸ್ತಿ ಅಪಾಯ. ನೀರು ಬೇಗ ಹರಿಯುತ್ತದೆ, ಗಂಟಲು ಮುಚ್ಚಿಕೊಳ್ಳುವ ಮೊದಲೇ ಒಳಗೆ ಇಳಿದಿರುತ್ತದೆ. ಅದಕ್ಕೇ ಡಾಕ್ಟರೋ ನರ್ಸೋ ನುಂಗುವ ಪರೀಕ್ಷೆ ಮಾಡಿ ಹೇಳುವ ತನಕ ಬಾಯಿಗೆ ಏನೂ ಹಾಕಬಾರದು.

ನಮ್ಮ ಕಡೆ ನೋಡಲು ಬಂದ ಬೀಗರು, ನೆಂಟರು ಒಬ್ಬೊಬ್ಬರೂ ಒಂದೊಂದು ಚಮಚ ಎಳನೀರು, ತೀರ್ಥ ಬಾಯಿಗೆ ಬಿಡುತ್ತಾರೆ. ಅದರ ಹಿಂದಿರುವುದು ಪ್ರೀತಿ, ಗೊತ್ತು. ಆದರೂ ಎಚ್ಚರ ಇಲ್ಲದವರ ಬಾಯಿಗೆ, ಮಲಗಿದವರ ಬಾಯಿಗೆ ನೀರು ಬಿಡುವುದು ಅಂದರೆ ನೇರ ಶ್ವಾಸಕೋಶಕ್ಕೆ ಬಿಟ್ಟಂತೆ. ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಬೇಡ ಅನ್ನಬೇಕು. ಉಣಿಸುವಾಗ ಪೂರ್ತಿ ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಇರಲಿ. ಸಣ್ಣ ಚಮಚ, ಬಲ ಇರುವ ಕಡೆಯ ಬಾಯಿಗೆ. ಗಂಟಲಗಂಟು ಏರಿ ಇಳಿದದ್ದು ಕಂಡಮೇಲೆ ಮುಂದಿನ ತುತ್ತು. ಊಟ ಆದಮೇಲೆ ಕನಿಷ್ಠ ಅರ್ಧ ತಾಸು ಮಲಗಿಸಬೇಡಿ. ಬಲ ಇಲ್ಲದ ಕಡೆಯ ಕೆನ್ನೆಯ ಸಂದಿಯಲ್ಲಿ ಅನ್ನ ಉಳಿದಿರುತ್ತದೆ, ಬಟ್ಟೆ ಸುತ್ತಿದ ಚಮಚದಿಂದ ತೆಗೆಯಿರಿ. ಕೆಮ್ಮು ಬಂದರೆ ಎಲ್ಲರೂ ಗಮನಿಸುತ್ತಾರೆ. ಕೆಮ್ಮೇ ಬಾರದೆ ಒಳಗೆ ಇಳಿಯುವುದೂ ಉಂಟು. ಊಟದ ನಂತರ "ಅಜ್ಜಾರ, ಆ ಅನ್ರಿ" ಅಂತ ಹೇಳಿಸಿ. ಧ್ವನಿ ನೀರು ತುಂಬಿದಂತೆ ಗೊರಗೊರ ಅಂದರೆ ಉಣಿಸುವುದು ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು. ದಿನಕ್ಕೆ ಎರಡು ಸಲ ಹಲ್ಲು, ನಾಲಗೆ ಉಜ್ಜುವುದೂ ಶ್ವಾಸಕೋಶದ ಆರೈಕೆಯೇ, ಯಾಕೆಂದರೆ ಜೊಲ್ಲಿನ ಜೊತೆ ಒಳಗೆ ಹೋಗುವುದು ಬಾಯಿಯ ಬ್ಯಾಕ್ಟೀರಿಯಾ.

ಇದನ್ನೆಲ್ಲ ಓದಿ ಕಲಿಯುವುದಕ್ಕಿಂತ ಮಾಡಿ ಕಲಿಯುವುದು ಒಳ್ಳೆಯದು. ಡಿಸ್ಚಾರ್ಜ್‌ಗೆ ಎರಡು ದಿನ ಮೊದಲೇ ಸಿಸ್ಟರ್ ಹತ್ತಿರ ಹೋಗಿ, "ಸಿಸ್ಟರ್, ನೀವು ನಿಂತ ನೋಡ್ರಿ, ನಾವು ಹೊಳ್ಳಸ್ತೇವಿ, ತಪ್ಪಿದ್ರ ಹೇಳ್ರಿ" ಅಂತ ಕೇಳಿ. ಸಂಕೋಚ ಬೇಡ.

ಉಸಿರು ಎಣಿಸುವುದು ಅತ್ಯಂತ ಅಗ್ಗದ ಪರೀಕ್ಷೆ, ಬೇಕಾಗಿರುವುದು ಒಂದು ಗಡಿಯಾರ. ದೊಡ್ಡವರು ಸುಮ್ನೆ ಇದ್ದಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ದೇಹದಲ್ಲಿ ಸೋಂಕು ಹಬ್ಬಿದಾಗ, ಆಮ್ಲಜನಕ ಕಡಿಮೆಯಾದಾಗ ಮೆದುಳಿನ ಬುಡ ಮೊದಲು ಮಾಡುವ ಕೆಲಸಗಳಲ್ಲೊಂದು ಉಸಿರನ್ನು ಜೋರು ಮಾಡುವುದು. ಬಿಪಿ ಬೀಳುವುದು ಎಷ್ಟೋ ಸಲ ಆಮೇಲೆ. 20 ದಾಟಿದರೆ ಎಚ್ಚರ, 25 ಮುಟ್ಟಿದರೆ ಆಸ್ಪತ್ರೆಗೆ ಫೋನ್. ಎಣಿಸುತ್ತಿದ್ದೇನೆ ಅಂತ ಹೇಳಬೇಡಿ, ಹೇಳಿದ ಕೂಡಲೇ ಉಸಿರಿನ ಲಯ ಬದಲಾಗುತ್ತದೆ. ನಾಡಿ ನೋಡುವವರ ಹಾಗೆ ಕೈ ಹಿಡಿದು ಎದೆ ನೋಡುತ್ತ ಪೂರ್ತಿ 60 ಸೆಕೆಂಡ್ ಎಣಿಸಿ. ಕೋವಿಡ್ ಆದಮೇಲೆ ಬೆರಳಿಗೆ ಹಾಕುವ ಆಕ್ಸಿಮೀಟರ್ ಎಷ್ಟೋ ಮನೆಗೆ ಬಂದಿದೆ. ಅದು ರಕ್ತದಲ್ಲಿರುವ ಆಮ್ಲಜನಕವನ್ನು ಚರ್ಮದ ಮೂಲಕ ಬೆಳಕು ಹಾಯಿಸಿ ಅಳೆಯುತ್ತದೆ. ಚರ್ಮ ಕಪ್ಪಿದ್ದರೆ ಇದ್ದದ್ದಕ್ಕಿಂತ ಜಾಸ್ತಿ ತೋರಿಸಬಹುದು ಅಂತ 2020ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಮತ್ತೆ ಎಚ್ಚರಿಸಿತು. 95 ತೋರಿಸುತ್ತಿದೆ, ಆದರೆ ಅಜ್ಜ ಏದುಸಿರು ಬಿಡುತ್ತಿದ್ದಾನೆ ಅಂದರೆ ಅಜ್ಜನನ್ನು ನಂಬಿ.

ಎಬ್ಬಿಸಿ ನಿಲ್ಲಿಸುವಾಗ ಆತುರ ಬೇಡ. ನಿಂತ ಕೂಡಲೇ ಅರ್ಧ ಲೀಟರ್‌ಗೂ ಹೆಚ್ಚು ರಕ್ತ ಕಾಲು, ಹೊಟ್ಟೆಯ ಕಡೆ ಇಳಿಯುತ್ತದೆ. ಬಹಳ ದಿನ ಮಲಗಿದವರ ದೇಹ ಇದನ್ನು ಸರಿಪಡಿಸಿಕೊಳ್ಳಲು ತಡವಾಗುತ್ತದೆ, ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಮೊದಲು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೆಲವು ನಿಮಿಷ ಕೂರಿಸಿ. ವೀಲ್‌ಚೇರ್ ಬಲ ಇರುವ ಕಡೆಗಿರಲಿ, ಬ್ರೇಕ್ ಹಾಕಿರಲಿ. ಬಿದ್ದುಹೋದ ಕೈಯನ್ನಾಗಲಿ ಕಂಕುಳನ್ನಾಗಲಿ ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರುತ್ತದೆ. ಅಂಗಿ ತೊಡಿಸುವಾಗ ಆ ಕೈ ಮೊದಲು, ಬಿಚ್ಚುವಾಗ ಕೊನೆಗೆ. ಮೂತ್ರದ ಪೈಪ್ ಇದ್ದರೆ ಅದರ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೆ ಇರಬೇಕು, ನೆಲ ಮುಟ್ಟಬಾರದು.

ಕೈ ತೊಳೆಯುವುದರ ಬಗ್ಗೆ ಕೇಳಿ ಕೇಳಿ ಬೇಸರ ಬಂದಿರಬಹುದು. ಆದರೂ 1847ರ ವಿಯೆನ್ನಾ ನೆನಪಿಸಲೇಬೇಕು. ಅಲ್ಲಿನ ಹೆರಿಗೆ ವಾರ್ಡಿನಲ್ಲಿ ಇಗ್ನಾಸ್ ಸೆಮ್ಮೆಲ್‌ವೈಸ್ ಎಂಬ ಡಾಕ್ಟರ್ ಎಲ್ಲರೂ ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆಯಬೇಕು ಅಂತ ಕಡ್ಡಾಯ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರ ಹತ್ತಿರ ಇದ್ದ ತಾಯಂದಿರ ಸಾವು ಜೂನ್ ಹೊತ್ತಿಗೆ ಎರಡರ ಹತ್ತಿರ ಬಂತು. ಬ್ಯಾಕ್ಟೀರಿಯಾದಿಂದ ರೋಗ ಬರುತ್ತದೆ ಅಂತ ಆಗಿನ್ನೂ ಸಾಬೀತಾಗಿರಲಿಲ್ಲ! ಸೋಪು ಹಚ್ಚಿ ತೊಳೆದು ಒರೆಸುವ ತನಕ 40ರಿಂದ 60 ಸೆಕೆಂಡ್ ಬೇಕು. ಬಳೆ ಮೇಲೇರಿಸಿ, ಉಂಗುರ ತೆಗೆದಿಡಿ, ಹೆಬ್ಬೆರಳು ಮರೆಯಬೇಡಿ. ಗ್ಲೌಸ್ ಹಾಕಿದ್ದೇನೆ ಅಂತ ತೊಳೆಯದೆ ಬಿಡಬಾರದು. ಅದೇ ಗ್ಲೌಸಿನಲ್ಲಿ ಮಲ ಒರೆಸಿ, ಗುಳಿಗೆ ಕೊಟ್ಟರೆ ಹಾಕಿಯೂ ಪ್ರಯೋಜನ ಇಲ್ಲ.

ಇನ್ನೊಂದು ಲಕ್ಷಣ ನಮ್ಮ ಹಳ್ಳಿಗಳಲ್ಲಿ ಬಹಳ ಸಲ ಕೈತಪ್ಪುತ್ತದೆ. ನಿನ್ನೆ ಸರಿಯಾಗಿ ಮಾತಾಡುತ್ತಿದ್ದ ಅಜ್ಜಿ ಇವತ್ತು ಸತ್ತುಹೋದ ತಂಗಿಯನ್ನು ಕರೆಯುತ್ತಾಳೆ, ಹಗಲು ಮಲಗಿ ರಾತ್ರಿ ಎದ್ದು ಗುಣುಗುಣು ಅನ್ನುತ್ತಾಳೆ. ಮನೆಯವರು ಅರಳುಮರಳು ಅಂತಾರೆ, ಗಾಳಿ ಸೋಕಿದೆ ಅಂತಾರೆ. ಒಂದೆರಡು ದಿನದಲ್ಲಿ ಹೀಗೆ ಬುದ್ಧಿ ತಪ್ಪಿದರೆ ಹಿಂದೆ ದೇಹದ ಕಾರಣ ಇರುತ್ತದೆ: ಮೂತ್ರದ ಸೋಂಕು, ನ್ಯುಮೋನಿಯಾ, ನೀರಿನ ಕೊರತೆ, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಹೊಸ ಗುಳಿಗೆ. ವಯಸ್ಸಾದವರಿಗೆ ಸೋಂಕಾದರೂ ಜ್ವರ ಬಾರದೆ ಇರಬಹುದು, ಹಾಗಾಗಿ ಮೈ ತಣ್ಣಗಿದೆ ಅಂತ ಕಾಯಬಾರದು. ಈ ಬದಲಾವಣೆ ರೌಂಡ್ಸ್‌ಗೆ ಬಂದು ಹೋಗುವ ಡಾಕ್ಟರಿಗೆ ಕಾಣುವುದಿಲ್ಲ, ಅವರು ನಿನ್ನೆಯ ಅಜ್ಜಿಯನ್ನು ಅಷ್ಟು ಹತ್ತಿರದಿಂದ ನೋಡಿಲ್ಲ. ನೋಡಿದ್ದು ಆಯಾ, ಸೊಸೆ.

ಅದಕ್ಕೆ ಒಂದು ನೋಟ್‌ಬುಕ್ ಇಡಿ. ತಾರೀಖು, ಹೊತ್ತು, ಉಸಿರು, ಎಷ್ಟು ಉಂಡರು, ಎಷ್ಟು ಮೂತ್ರ ಹೋಯಿತು, ಯಾವ ಮಗ್ಗುಲಿಗೆ ಹೊರಳಿಸಿದ್ದು, ಚರ್ಮ ಹೇಗಿದೆ. ಫೋನ್‌ನಲ್ಲಿ "ಯಾಕೋ ಅಜ್ಜಿ ಸರಿ ಇಲ್ಲ" ಅಂದರೆ ಆ ಕಡೆಯವರಿಗೆ ಏನೂ ತಿಳಿಯುವುದಿಲ್ಲ. "ನಿನ್ನೆ ಉಸಿರು 18 ಇತ್ತು, ಇವತ್ತು ಬೆಳಿಗ್ಗೆ 26, ರಾತ್ರಿಯಿಂದ ಮೂತ್ರ ಬಹಳ ಕಡಿಮೆ, ಮಾತು ತಪ್ಪುತ್ತಿದೆ" ಅಂತ ಹೇಳಿದರೆ ಅವರು ಕೂಡಲೇ ಕರೆದುಕೊಂಡು ಬನ್ನಿ ಅನ್ನುತ್ತಾರೆ. 108ಕ್ಕೆ ಫೋನ್ ಮಾಡಿ ಗಾಡಿ ಹತ್ತಿಸುವಾಗ ಆ ನೋಟ್‌ಬುಕ್ಕೂ, ಕೊಡುತ್ತಿರುವ ಎಲ್ಲ ಗುಳಿಗೆಗಳ ಚೀಲವೂ ಜೊತೆಗೇ ಹೋಗಲಿ.