‘ಮಣ್ಣು ಎಷ್ಟೊತ್ತಿಗೆ?’

ದಾವಣಗೆರೆ ಕಡೆ ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ಫೋನಿನಲ್ಲಿ ಮೊದಲು ಕೇಳುವುದೇ ಇದು. ಆ ಮನೆಯವರು ಹೂಳುತ್ತಾರೋ ಸುಡುತ್ತಾರೋ, ಕೇಳುವವರಿಗೆ ಅದು ಮುಖ್ಯವಲ್ಲ. ಚಿತೆ ಉರಿಯುವುದನ್ನು ನೋಡಿ ಬಂದವರೂ ‘ಮಣ್ಣಿಗೆ ಹೋಗಿದ್ದೆ’ ಅಂತಲೇ ಹೇಳಿ ಬಚ್ಚಲಿಗೆ ನಡೆಯುತ್ತಾರೆ. ಲಿಂಗಾಯತರು ಜಾಸ್ತಿ ಇರುವ ಸೀಮೆ ಇದು. ಅವರಲ್ಲಿ ದೇಹವನ್ನು ಕೂರಿಸಿ, ವಿಭೂತಿ ಹಾಕಿ ಸಮಾಧಿ ಮಾಡುವುದು ರೂಢಿ. ಆ ಮಾತೇ ಎಲ್ಲರ ಬಾಯಿಗೂ ಬಂದಿರಬೇಕು ಅನ್ನೋದು ನನ್ನ ಊಹೆ.

ಸುಡುವವರ ಮನೆಯಲ್ಲಿ ಅದು ‘ದಹನ’. ಪುರೋಹಿತರು ಹೇಳುವುದು ‘ಅಂತ್ಯೇಷ್ಟಿ’. ಇಷ್ಟಿ ಅಂದರೆ ಯಾಗ. ಕೊನೆಯ ಯಾಗ, ಅದಕ್ಕೆ ದೇಹವೇ ಆಹುತಿ. ಪದಕ್ಕೆ ಇಷ್ಟು ಅರ್ಥ ಸಾಕು. ಕಷ್ಟ ಇರುವುದು ಅದನ್ನು ಮಾಡುವ ಬಗೆಯಲ್ಲಿ.

ನಮ್ಮ ಪಕ್ಕದ ಮನೆ ಅಜ್ಜ ಹೋದ ದಿನ ಚಟ್ಟ ಕಟ್ಟುತ್ತಿದ್ದವನೊಬ್ಬ ತಲೆ ಎತ್ತಿ ಕೇಳಿದ: ‘ಸೌದೆನೋ, ಕರೆಂಟೋ?’ ಮೂವರು ಗಂಡುಮಕ್ಕಳೂ ಮುಖ ಮುಖ ನೋಡಿಕೊಂಡರು. ಇಷ್ಟು ವರ್ಷದಲ್ಲಿ ಯಾರೂ ಆ ಮಾತು ಎತ್ತಿರಲಿಲ್ಲ. ಒಳಗಿಂದ ಅಜ್ಜಿಯೇ ಹೇಳಿದರು, ‘ಅವರಿಗೆ ಹೊಗೆ ಅಂದ್ರೆ ಆಗ್ತಿರ್ಲಿಲ್ಲ. ಕರೆಂಟಿಗೇ ಒಯ್ಯಿರಿ.’

ಸೌದೆ ಎಲ್ಲರಿಗೂ ಗೊತ್ತಿರುವ ದಾರಿ. ಒಂದು ಚಿತೆಗೆ ಸುಮಾರು 400ರಿಂದ 500 ಕೆಜಿ ಕಟ್ಟಿಗೆ ಬೇಕು. ಮಗನೇ ಕೊಳ್ಳಿ ಇಡುತ್ತಾನೆ, ಬೆಂಕಿ ಕಣ್ಣೆದುರಿಗೇ ಹತ್ತುತ್ತದೆ. ತುಂಬಾ ಜನಕ್ಕೆ ಅದಿಲ್ಲದೆ ಸಮಾಧಾನ ಆಗುವುದಿಲ್ಲ, ಅದು ತಪ್ಪೂ ಅಲ್ಲ. ಆದರೆ ಮಳೆಗಾಲದಲ್ಲಿ ಹಸಿ ಸೌದೆ ಸಿಕ್ಕರೆ ಮನೆಯವರ ಪಾಡು ಬೇಡ. ಕೆಲವು ಕಡೆ ಕಬ್ಬಿಣದ ಚೌಕಟ್ಟು ಇರುತ್ತದೆ. ಕೆಳಗಿಂದ ಗಾಳಿ ಆಡುವುದರಿಂದ ಕಟ್ಟಿಗೆ ಕಡಿಮೆ ಸಾಕು.

ಇನ್ನು ವಿದ್ಯುತ್ ಚಿತಾಗಾರ. ‘ಶಾಕ್ ಕೊಡ್ತಾರಾ?’ ಅಂತ ಕೇಳಿದವರನ್ನೂ ನೋಡಿದ್ದೇನೆ. ಹಾಗೇನಿಲ್ಲ. ಇಟ್ಟಿಗೆ ಕಟ್ಟಿದ ಕೋಣೆಯನ್ನು ಕರೆಂಟಿನ ಸುರುಳಿಗಳು 800 ಡಿಗ್ರಿ ಸೆಲ್ಸಿಯಸ್‌ಗೂ ಜಾಸ್ತಿ ಕಾಯಿಸುತ್ತವೆ, ಆ ಕಾವಿಗೇ ದೇಹ ಹತ್ತಿಕೊಳ್ಳುತ್ತದೆ. ಒಂದೆರಡು ಗಂಟೆಯ ಕೆಲಸ. ಪೂಜೆ, ಪ್ರದಕ್ಷಿಣೆ, ಬಾಯಿಗೆ ಅಕ್ಕಿ ಹಾಕುವುದು ಎಲ್ಲ ಹೊರಗಿನ ಕಟ್ಟೆಯ ಮೇಲೇ ಮುಗಿಯಬೇಕು. ಆಮೇಲೆ ದೇಹ ಒಳಗೆ ಸರಿಯುತ್ತದೆ, ಬಾಗಿಲು ಮುಚ್ಚುತ್ತದೆ. ಆ ಬಾಗಿಲಿನ ಸದ್ದಿಗೆ ಎಂಥ ಗಟ್ಟಿ ಆಳೂ ಒಮ್ಮೆ ಬೆಚ್ಚುತ್ತಾನೆ. ತಣ್ಣಗಿರುವ ಕುಲುಮೆ ಕಾಯಲು ಹೊತ್ತು ಬೇಕು. ಅದಕ್ಕೇ ಚಟ್ಟ ಎತ್ತುವ ಮೊದಲೇ ಫೋನ್ ಮಾಡಿ ಹೇಳಬೇಕು. ಗ್ಯಾಸ್‌ನದ್ದೂ ಹೆಚ್ಚುಕಡಿಮೆ ಹೀಗೇ, ಬೇಗ ಕಾಯುತ್ತದೆ ಅಷ್ಟೆ.

ಒಂದು ಮಾತು ಮರೆಯಬೇಡಿ. ಹೋದವರ ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಡಾಕ್ಟರಿಗೆ ಹೇಳಿ ಮೊದಲೇ ತೆಗೆಸಿ. ಕಾವಿಗೆ ಅದರ ಬ್ಯಾಟರಿ ಸಿಡಿಯುತ್ತದೆ. ಸಾವಿನ ಕಾರಣ ಬರೆದ ಡಾಕ್ಟರ ಚೀಟಿಯನ್ನೂ ಜೇಬಿನಲ್ಲಿ ಇಟ್ಟುಕೊಳ್ಳಿ. 21 ದಿನದೊಳಗೆ ಮರಣ ನೋಂದಣಿ ಮಾಡಿಸಬೇಕಲ್ಲ, ಅಲ್ಲೂ ಅದು ಬೇಕಾಗುತ್ತದೆ.

ಸೌದೆಯಾದರೆ ಬೂದಿ ಆರುವವರೆಗೆ ಕಾಯಬೇಕು. ಮಾರನೇ ದಿನವೋ ಮೂರನೇ ದಿನವೋ ಹೋಗಿ ಹಾಲು ತುಪ್ಪ ಬಿಟ್ಟು ಎಲುಬು ಆರಿಸುತ್ತಾರೆ. ಕರೆಂಟಿನದ್ದಾದರೆ ಸಾಮಾನ್ಯವಾಗಿ ಅದೇ ದಿನ ಕೈಗೆ ಬರುತ್ತದೆ. ನದಿಗೆ ಬಿಡುವವರಿಗೆ ಹರಿಹರದ ತುಂಗಭದ್ರೆ ಹತ್ತಿರವೇ. ಅಸ್ಥಿಯನ್ನು ಮನೆಯೊಳಗೆ ತರಬಾರದು ಅನ್ನುತ್ತಾರೆ. ಪಕ್ಕದ ಮನೆಯವರು ಬಿಳಿ ಬಟ್ಟೆ ಸುತ್ತಿದ ಆ ಪುಟ್ಟ ಕುಡಿಕೆಯನ್ನು ಹಿತ್ತಲಿನ ಬೇವಿನ ಕೊಂಬೆಗೆ ಕಟ್ಟಿದ್ದರು. ಭಾನುವಾರ ಕಾರು ಬರುವವರೆಗೂ ಅದು ಅಲ್ಲೇ ತೂಗುತ್ತಿತ್ತು.