ಪರಮಾಣುವೆಲ್ಲ ಖಾಲಿ ಅಂದಮೇಲೆ ದುರ್ಗದ ಬಂಡೆ ಗಟ್ಟಿ ಯಾಕೆ?

ಪ್ರಶ್ನೆ: "ಸರ್, ಪರಮಾಣುವಿನೊಳಗೆ 99 ಪರ್ಸೆಂಟ್‌ಗಿಂತ ಜಾಸ್ತಿ ಖಾಲಿ ಜಾಗವೇ ಇರೋದು ಅಂತ ಓದಿದೆ. ಹಾಗಿದ್ದರೆ ನಮ್ಮ ಕೋಟೆಯ ಬಂಡೆ ಕೈಗೆ ಗಟ್ಟಿಯಾಗಿ ಯಾಕೆ ಸಿಗುತ್ತೆ? ಹಿರಿಯರು ಜಗತ್ತೆಲ್ಲ ಮಾಯೆ ಅಂದಿದ್ದು ಇದನ್ನೇನಾ?"

ಈ ಪ್ರಶ್ನೆ ನನಗೆ ವರ್ಷಕ್ಕೆ ಹತ್ತು ಸಲವಾದರೂ ಬರುತ್ತದೆ. ಪಿಯುಸಿ ಮಕ್ಕಳು ಕೇಳುತ್ತಾರೆ, ಅವರ ಅಪ್ಪಂದಿರು ಕೇಳುತ್ತಾರೆ. ಒಮ್ಮೆ ದುರ್ಗದಿಂದ ದಾವಣಗೆರೆಗೆ ಬರುವ ಬಸ್ಸಿನಲ್ಲಿ ಪಕ್ಕ ಕೂತಿದ್ದ ಅಜ್ಜ ಒಬ್ಬರು, ನಾನು ಫಿಸಿಕ್ಸ್ ಹೇಳಿಕೊಡುವವನು ಅಂತ ಗೊತ್ತಾದ ಕೂಡಲೇ, ಮುಂದಿನ ಸೀಟಿನ ಕಂಬಿ ತಟ್ಟಿ, "ಹಂಗಾರೆ ಈ ಕಂಬಿ ಐತೋ ಇಲ್ಲೋ ಹೇಳ್ರಿ" ಅಂದರು. ಐತೆ ಅಜ್ಜ, ಅಂದೆ. ಉಳಿದದ್ದನ್ನು ಹೇಳಿ ಮುಗಿಸುವಷ್ಟರಲ್ಲಿ ಭರಮಸಾಗರ ಬಂದು ಅವರು ಇಳಿದು ಹೋದರು. ಅವತ್ತು ಉಳಿದ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಬಂಡೆ ಗಟ್ಟಿ ಅನ್ನೋದು ಕಣ್ಣುಕಟ್ಟಲ್ಲ, ನಿಜ. ಪರಮಾಣು ಖಾಲಿ ಅನ್ನೋದು ಅರ್ಧಕ್ಕೆ ಬಿಟ್ಟ ಮಾತು. ಮಾಯೆ ಅಂದವರು ಹೇಳಿದ್ದು ಬೇರೆಯೇ ವಿಷಯ, ಅದನ್ನು ತಂದು ಪರಮಾಣುವಿಗೆ ಗಂಟು ಹಾಕಿದರೆ ಎರಡಕ್ಕೂ ಅನ್ಯಾಯ.

ಈ "ಖಾಲಿ" ಎಲ್ಲಿಂದ ಬಂತು? 1909ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ರುದರ್‌ಫೋರ್ಡ್ ಕೈಕೆಳಗೆ ಗೈಗರ್ ಮತ್ತು ಮಾರ್ಸ್‌ಡೆನ್ ಅನ್ನುವ ಇಬ್ಬರು, ತೀರಾ ತೆಳುವಾದ ಚಿನ್ನದ ಹಾಳೆಯ ಮೇಲೆ ಆಲ್ಫಾ ಕಣಗಳನ್ನು (ರೇಡಿಯಂನಂಥ ವಸ್ತುವಿನಿಂದ ತಾನಾಗಿ ಚಿಮ್ಮುವ ಪ್ಲಸ್ ಚಾರ್ಜಿನ ಕಣಗಳು) ಹಾರಿಸಿ ನೋಡಿದರು. ಹೆಚ್ಚಿನವು ಅಡ್ಡಿಯೇ ಇಲ್ಲದ ಹಾಗೆ ಆಚೆ ಹೋದವು. ಸಾವಿರಾರು ಕಣಗಳಲ್ಲಿ ಒಂದು ಮಾತ್ರ ಬಡಿದು ವಾಪಸ್ ಬಂತು. 1911ರಲ್ಲಿ ರುದರ್‌ಫೋರ್ಡ್ ಲೆಕ್ಕ ಹಾಕಿ, ಪರಮಾಣುವಿನ ತೂಕ ಹೆಚ್ಚುಕಮ್ಮಿ ಪೂರ್ತಿ ನಡುವಿನ ಒಂದು ಪುಟ್ಟ ನ್ಯೂಕ್ಲಿಯಸ್‌ನಲ್ಲೇ ಇದೆ ಅಂದರು. ಎಷ್ಟು ಪುಟ್ಟದು ಅಂದರೆ, ಅದನ್ನು ಸಾಸಿವೆ ಕಾಳಿನಷ್ಟು ಮಾಡಿದರೆ ಪರಮಾಣು ಒಂದು ಹೈಸ್ಕೂಲ್ ಮೈದಾನದಷ್ಟಾಗುತ್ತದೆ. ನಡುವೆ ಒಂದು ಸಾಸಿವೆ, ದೂರದಲ್ಲಿ ಗೋಲಿಯ ಹಾಗೆ ಸುತ್ತುವ ಎಲೆಕ್ಟ್ರಾನ್‌ಗಳು, ಉಳಿದದ್ದು ಬರೀ ಬಯಲು. ಶಾಲೆಯಲ್ಲಿ ನೋಡಿದ ಈ ಚಿತ್ರ ನಮ್ಮೆಲ್ಲರ ತಲೆಯಲ್ಲಿ ಕೂತುಬಿಟ್ಟಿದೆ.

ಈ ಚಿತ್ರ ಸಾಲದು ಅನ್ನೋದಕ್ಕೆ ದಾವಣಗೆರೆಯಲ್ಲೇ ಸಾಕ್ಷಿ ಇದೆ. ಮಂಡಕ್ಕಿ ಭಟ್ಟಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ನೋಡಿ. ಹದ ಮಾಡಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದ ತಕ್ಷಣ ಕಾಳಿನೊಳಗಿದ್ದ ಚೂರು ನೀರು ಆವಿಯಾಗಿ ಅದನ್ನು ಒಳಗಿನಿಂದ ಉಬ್ಬಿಸುತ್ತದೆ, ನೋಡನೋಡುತ್ತಾ ಸಣ್ಣ ಅಕ್ಕಿ ದಪ್ಪ ಮಂಡಕ್ಕಿಯಾಗಿ ಮೇಲೇಳುತ್ತದೆ. ಒಂದು ಕಾಳನ್ನು ಉಗುರಿನಲ್ಲಿ ಸೀಳಿ ಬೆಳಕಿಗೆ ಹಿಡಿಯಿರಿ. ಒಳಗೆ ಸಣ್ಣ ಸಣ್ಣ ಗೂಡು, ಗೂಡಿನ ಗೋಡೆ ಕಾಗದಕ್ಕಿಂತ ತೆಳು. ಆಳೆತ್ತರದ ಚೀಲವನ್ನು ಒಬ್ಬರೇ ಎತ್ತಿ ಗಾಡಿ ಮೇಲೆ ಇಡುವುದು ಇದಕ್ಕೇ. ಖಾಲಿ ಅಂದರೆ ಇದು. ಎರಡು ಬೆರಳಲ್ಲಿ ಹಿಸುಕಿದರೆ ಚಪ್ಪಟೆಯಾಗುತ್ತದೆ, ಯಾಕೆಂದರೆ ಒಳಗೆ ತಡೆಯುವುದು ಏನೂ ಇಲ್ಲ.

ಈಗ ಯೋಚನೆ ಮಾಡಿ. ಪರಮಾಣು ಮಂಡಕ್ಕಿಗಿಂತ ಎಷ್ಟೋ ಪಟ್ಟು ಜಾಸ್ತಿ ಖಾಲಿ ಆಗಿದ್ದರೆ ಬಂಡೆ ಮಂಡಕ್ಕಿಗಿಂತ ಸುಲಭವಾಗಿ ಹಿಸುಕಿ ಹೋಗಬೇಕಿತ್ತು, ಅಲ್ವಾ? ಹೋಗಲ್ಲ. ಅಂದರೆ ಆ ಮೈದಾನದಲ್ಲಿ ಏನೋ ತುಂಬಿದೆ.

ತುಂಬಿರುವುದು ಎಲೆಕ್ಟ್ರಾನ್. ಅದು ಸುತ್ತುವ ಗೋಲಿ ಅಲ್ಲ. 1920ರ ದಶಕದಲ್ಲಿ ಬಂದ ಕ್ವಾಂಟಮ್ ಲೆಕ್ಕದ ಪ್ರಕಾರ ಎಲೆಕ್ಟ್ರಾನ್ ಒಂದು ಅಲೆ. ದೀಪ ಹಚ್ಚಿದ ಕೋಣೆಯಲ್ಲಿ ಬೆಳಕು ಮೂಲೆಮೂಲೆಗೂ ಇರುವ ಹಾಗೆ ಅದು ಮೈದಾನದ ತುಂಬ ಹರಡಿಕೊಂಡಿರುತ್ತದೆ, ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು. ತೂಕ ತೀರಾ ಕಡಿಮೆ, ಆದರೆ ಜಾಗ ಹಿಡಿಯುವುದು ಅದೇ. ಇನ್ನೊಂದು ಗುಣ ಇದೆ, ಇದನ್ನು ಗಮನ ಇಟ್ಟು ಓದಿ: ಎಲೆಕ್ಟ್ರಾನನ್ನು ಇಕ್ಕಟ್ಟಾದ ಜಾಗಕ್ಕೆ ತಳ್ಳಿದಷ್ಟೂ ಅದರ ಚಡಪಡಿಕೆ ಹೆಚ್ಚುತ್ತದೆ, ಶಕ್ತಿ ಏರುತ್ತದೆ. ಅದಕ್ಕೇ ಅದು ಒತ್ತಿಸಿಕೊಳ್ಳಲು ಒಪ್ಪಲ್ಲ.

ಇಷ್ಟೇ ಆಗಿದ್ದರೂ ಬಂಡೆ ಇಷ್ಟು ಗಟ್ಟಿ ಇರುತ್ತಿರಲಿಲ್ಲ. ಬಹಳ ಕಡೆ "ಎಲೆಕ್ಟ್ರಾನ್‌ಗಳ ಮೈನಸ್ ಚಾರ್ಜ್ ಒಂದನ್ನೊಂದು ದೂಡುತ್ತದೆ, ಅದಕ್ಕೆ ಗಟ್ಟಿ" ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಸುಳ್ಳಲ್ಲ, ಆದರೆ ಅದೊಂದೇ ಸಾಲದು. ನ್ಯೂಕ್ಲಿಯಸ್‌ನಲ್ಲಿ ಪ್ಲಸ್ ಚಾರ್ಜ್ ಇದೆಯಲ್ಲ, ಅದು ಎಳೆಯುತ್ತದಲ್ಲ, ಎರಡೂ ಸೇರಿ ಎಲ್ಲವೂ ಒಳಕ್ಕೆ ಕುಸಿಯಬಾರದು ಯಾಕೆ? ಇದಕ್ಕೆ ಉತ್ತರ 1925ರಲ್ಲಿ ಪೌಲಿ ಕೊಟ್ಟ ನಿಯಮದಲ್ಲಿದೆ. ಬಸ್ಸಿನ ಸೀಟು ನೆನೆಸಿಕೊಳ್ಳಿ. ಇಬ್ಬರು ಕೂರುವ ಸೀಟಿನಲ್ಲಿ ಇಬ್ಬರೇ. ಎಲೆಕ್ಟ್ರಾನ್‌ಗೂ ಹಾಗೆ, ಪರಮಾಣುವಿನಲ್ಲಿ ಒಂದೊಂದು ಸೀಟಿಗೆ ಎರಡೇ, ಅವೂ ಒಂದಕ್ಕೊಂದು ವಿರುದ್ಧ ಸ್ಪಿನ್ ಇದ್ದರೆ ಮಾತ್ರ (ಸ್ಪಿನ್ ಅಂದರೆ ಎಲೆಕ್ಟ್ರಾನಿನ ಒಂದು ಹುಟ್ಟುಗುಣ, ಅದರಲ್ಲಿ ಎರಡೇ ಬಗೆ). ನಮ್ಮ ಬಸ್ಸಿನಲ್ಲಾದರೆ "ಸ್ವಲ್ಪ ಸರೀರಿ" ಅಂತ ಮೂರನೆಯವರು ಕೂರಬಹುದು. ಅಲ್ಲಿ ಅದು ಆಗುವುದೇ ಇಲ್ಲ. ಮೂರನೆಯದು ಬಂದರೆ ಮೇಲಿನ ಸೀಟಿಗೆ ಹತ್ತಬೇಕು, ಹತ್ತಲು ಶಕ್ತಿ ಬೇಕು. ನಿಮ್ಮ ಅಂಗೈಯನ್ನು ಬಂಡೆಗೆ ಒತ್ತಿದಾಗ ಅಂಗೈಯ ಎಲೆಕ್ಟ್ರಾನ್‌ಗಳು ಬಂಡೆಯ ಎಲೆಕ್ಟ್ರಾನ್‌ಗಳ ಸೀಟಿಗೆ ಬರಲು ನೋಡುತ್ತವೆ. ಸೀಟು ಭರ್ತಿ. ಮೇಲೆ ಹತ್ತಲು ಬೇಕಾದಷ್ಟು ಶಕ್ತಿ ನಿಮ್ಮ ತೋಳಿನಲ್ಲಿಲ್ಲ. ಗಟ್ಟಿ ಅಂತ ಕೈಗೆ ಸಿಗುವುದು ಅದೇ. ಈ ನಿಯಮ ಇಲ್ಲದಿದ್ದರೆ ವಸ್ತು ನಿಲ್ಲುವುದಿಲ್ಲ ಅಂತ 1967ರಲ್ಲಿ ಡೈಸನ್ ಮತ್ತು ಲೆನಾರ್ಡ್ ಗಣಿತದಲ್ಲೇ ಸಾಧಿಸಿ ತೋರಿಸಿದರು.

ಬೆಳಕಿಗೆ ಈ ನಿಯಮ ಇಲ್ಲ. ರಾತ್ರಿ ಎರಡು ಟಾರ್ಚ್ ಹಿಡಿದು ಬೆಳಕಿನ ಗೆರೆಗಳನ್ನು ಒಂದರ ಮೇಲೊಂದು ಹಾಯಿಸಿ, ಒಂದನ್ನೊಂದು ದಾಟಿ ಸುಮ್ನೆ ಹೋಗುತ್ತವೆ. ಬೆಳಕಿನ ಕಣಗಳು ಎಷ್ಟು ಬೇಕಾದರೂ ಒಂದೇ ಸೀಟಿನಲ್ಲಿ ಕೂರುತ್ತವೆ. ಸತ್ಯೇಂದ್ರನಾಥ ಬೋಸ್ 1924ರಲ್ಲಿ ಕಂಡುಕೊಂಡ ಲೆಕ್ಕ ಅದು. ವಸ್ತು ಅಂದರೇನು ಅಂತ ಒಂದೇ ಮಾತಿನಲ್ಲಿ ಹೇಳಿ ಅಂದರೆ ನಾನು ಹೇಳುವುದು, ಸೀಟು ಬಿಟ್ಟುಕೊಡದೇ ಇರುವುದು.

ಇದೇ ಹಠ ಒಂದು ನಕ್ಷತ್ರವನ್ನೂ ಎತ್ತಿ ಹಿಡಿಯುತ್ತದೆ. ನಕ್ಷತ್ರದ ಉರಿ ಮುಗಿದ ಮೇಲೆ ಅದರ ಸ್ವಂತ ಭಾರ ಅದನ್ನು ಒಳಕ್ಕೆ ಒತ್ತುತ್ತದೆ. ಆಗ ಅಡ್ಡ ನಿಲ್ಲುವುದು ಇದೇ ಎಲೆಕ್ಟ್ರಾನ್‌ಗಳು. 1930ರಲ್ಲಿ ಮದ್ರಾಸಿನಲ್ಲಿ ಓದು ಮುಗಿಸಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಚಂದ್ರಶೇಖರ್ ಅನ್ನುವ ಹುಡುಗ, ಇನ್ನೂ ಇಪ್ಪತ್ತು ತುಂಬಿರಲಿಲ್ಲ, ದಾರಿಯಲ್ಲೇ ಲೆಕ್ಕ ಮಾಡಿ ಇದಕ್ಕೂ ಒಂದು ಮಿತಿ ಇದೆ ಅಂತ ಕಂಡುಕೊಂಡ. ಆ ಮಿತಿ ಈಗ ಸೂರ್ಯನ ತೂಕದ ಸುಮಾರು 1.4 ಪಟ್ಟು ಅಂತ ಗೊತ್ತಿದೆ. ಅದಕ್ಕಿಂತ ಜಾಸ್ತಿ ಭಾರ ಬಿದ್ದರೆ ಎಲೆಕ್ಟ್ರಾನ್‌ಗಳೂ ಸೋಲುತ್ತವೆ. ಆ ಕೆಲಸಕ್ಕೆ ಅವರಿಗೆ ನೊಬೆಲ್ ಬಂದಿದ್ದು 1983ರಲ್ಲಿ. ಮೈದಾನ ನಿಜವಾಗಿ ಕುಸಿದರೆ ಹೇಗಿರುತ್ತದೆ ಅಂತ ನೋಡಬೇಕಾದರೆ ನ್ಯೂಟ್ರಾನ್ ನಕ್ಷತ್ರ ನೋಡಬೇಕು. ಅಲ್ಲಿ ಒಂದು ಚಮಚ ವಸ್ತುವಿನ ತೂಕ ಕೋಟಿಗಟ್ಟಲೆ ಟನ್. ನಮ್ಮ ಕೋಟೆಯ ಬಂಡೆ ಹಾಗಾಗದೆ, ಇನ್ನೂರು ಕೋಟಿ ವರ್ಷಕ್ಕೂ ಹೆಚ್ಚು ಕಾಲದಿಂದ ಬಂಡೆಯಾಗಿಯೇ ಉಳಿದಿದೆ.

ಕೋಟೆ ಹತ್ತುವಾಗ ಒಂದು ಸಲ ಆ ಬಂಡೆಯ ಹತ್ತಿರ ಮುಖ ಇಟ್ಟು ನೋಡಿ. ದೂರದಿಂದ ಬರೀ ಬೂದು ಬಣ್ಣ. ಹತ್ತಿರದಲ್ಲಿ ಗಾಜಿನ ಚೂರಿನಂತೆ ಮಿನುಗುವ ಬೆಣಚು, ಬಿಳಿಚಿಕೊಂಡ ಫೆಲ್ಡ್‌ಸ್ಪಾರ್, ನಡುನಡುವೆ ಕಾಗೆಬಂಗಾರದ ಕಪ್ಪು ಚುಕ್ಕೆ. ಬೆಣಚಿನಲ್ಲಿ ಸಿಲಿಕಾನ್ ಮತ್ತು ಆಮ್ಲಜನಕ ಒಂದಕ್ಕೊಂದು ಎಲೆಕ್ಟ್ರಾನ್ ಹಂಚಿಕೊಂಡು ಕೈ ಕೈ ಹಿಡಿದು ನಿಂತಿವೆ, ಎಲ್ಲ ದಿಕ್ಕಿಗೂ. ಅದಕ್ಕೇ ಉಳಿ ಬಿದ್ದರೆ ಕಿಡಿ ಹಾರುತ್ತದೆ.

ಇನ್ನೊಂದು ಕಡೆಯಿಂದಲೂ ನೋಡಬೇಕು. ಸೂರ್ಯನಿಂದ ಬರುವ ನ್ಯೂಟ್ರಿನೋ ಅನ್ನುವ ಕಣಗಳು ನಿಮ್ಮ ಉಗುರಿನಷ್ಟು ಜಾಗದಲ್ಲಿ ಒಂದು ಸೆಕೆಂಡಿಗೆ ಸುಮಾರು 6,500 ಕೋಟಿ ದಾಟಿ ಹೋಗುತ್ತವೆ. ನೀವು ಓದುತ್ತಿರುವ ಈ ಹೊತ್ತಿನಲ್ಲೂ. ಅವಕ್ಕೆ ನಿಮ್ಮ ಕೈಯೂ ಒಂದೇ, ಬಂಡೆಯೂ ಒಂದೇ, ಇಡೀ ಭೂಮಿಯೂ ಒಂದೇ. ಚಾರ್ಜ್ ಇಲ್ಲ, ಎಲೆಕ್ಟ್ರಾನ್ ಅವುಗಳ ಜಾತಿಯಲ್ಲ, ಹಾಗಾಗಿ ಸೀಟಿನ ಜಗಳವೂ ಇಲ್ಲ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು 1965ರಲ್ಲಿ ಸಿಕ್ಕಿದ್ದು ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲೇ. ಉಳಿದ ಕಣಗಳನ್ನೆಲ್ಲ ಬಂಡೆ ತಡೆದಿತ್ತು, ಇವು ಮಾತ್ರ ಇಳಿದು ಬಂದಿದ್ದವು. ಹಾಗಾಗಿ ಯಾರಾದರೂ "ಬಂಡೆ ಖಾಲಿ" ಅಂದರೆ ನಾನು ಕೇಳುವುದು, ಯಾರಿಗೆ ಖಾಲಿ? ನ್ಯೂಟ್ರಿನೋಗೆ ಹೌದು. ರುದರ್‌ಫೋರ್ಡ್ ಅವರ ಆಲ್ಫಾ ಕಣಕ್ಕೂ ಆ ತೆಳು ಹಾಳೆಯಲ್ಲಿ ಬಹುಪಾಲು ಹೌದು. ಅಂಗೈಗೆ ಅಲ್ಲ.

ತೂಕದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಒಂದು ಕೆಜಿ ಬೆಣ್ಣೆ ತಂದರೆ ಅದರಲ್ಲಿ ಕ್ವಾರ್ಕ್‌ಗಳ (ನ್ಯೂಕ್ಲಿಯಸ್‌ನ ಪ್ರೋಟಾನ್, ನ್ಯೂಟ್ರಾನ್‌ಗಳು ಇವುಗಳಿಂದಲೇ ಆಗಿವೆ) ಸ್ವಂತ ತೂಕ ಅಂತ ಇರುವುದು ಸುಮಾರು 10 ಗ್ರಾಂ. ಉಳಿದದ್ದು ಕ್ವಾರ್ಕ್‌ಗಳನ್ನು ಪ್ರೋಟಾನ್, ನ್ಯೂಟ್ರಾನ್‌ಗಳ ಒಳಗೆ ಕಟ್ಟಿ ಹಾಕಿರುವ ಶಕ್ತಿ. ಆ ಶಕ್ತಿಯೇ ತಕ್ಕಡಿಯಲ್ಲಿ ತೂಗುತ್ತದೆ.

ಈಗ ಪ್ರಶ್ನೆಯ ಎರಡನೇ ಭಾಗ.

ನಮ್ಮಲ್ಲಿ ವಸ್ತುವಿನ ಬಗ್ಗೆ ಒಂದೇ ಮಾತು ಇರಲಿಲ್ಲ, ದೊಡ್ಡ ಜಗಳವೇ ಇತ್ತು, ಅದು ನನಗೆ ತುಂಬಾ ಹೆಮ್ಮೆಯ ವಿಷಯ. ಕಣಾದನ ವೈಶೇಷಿಕರು ಪರಮಾಣು ಇದೆ, ಅದನ್ನು ಒಡೆಯಲಾಗದು ಅಂದರು. ಎರಡು ಪರಮಾಣು ಸೇರಿದರೆ ದ್ವ್ಯಣುಕ, ಮೂರು ದ್ವ್ಯಣುಕ ಸೇರಿದರೆ ತ್ರ್ಯಣುಕ. ಕಣ್ಣಿಗೆ ಕಾಣುವ ಅತಿ ಸಣ್ಣ ವಸ್ತು ಅದು. ಹಳೆಯ ಮಾಳಿಗೆ ಮನೆಯಲ್ಲಿ ಬೆಳಕಿಂಡಿಯಿಂದ ಬಿಸಿಲಿನ ಕೋಲು ಇಳಿಯುತ್ತಲ್ಲ, ಅದರಲ್ಲಿ ಆಡುವ ಧೂಳಿನ ಕಣವನ್ನೇ ಅವರು ಉದಾಹರಣೆ ಕೊಟ್ಟಿದ್ದು. ಅವರ ಲೆಕ್ಕದಲ್ಲಿ ಆ ಕಣದಲ್ಲಿ ಆರು ಪರಮಾಣು. ಇವತ್ತಿನ ಲೆಕ್ಕದಲ್ಲಿ ಲಕ್ಷ ಕೋಟಿಗಳಲ್ಲಿ ಎಣಿಸಬೇಕು. ಸಂಖ್ಯೆ ತಪ್ಪಿತು, ಆದರೆ ಒಡೆಯುತ್ತಾ ಹೋದರೆ ಎಲ್ಲೋ ಒಂದು ಕಡೆ ನಿಲ್ಲಲೇಬೇಕು ಅನ್ನುವ ಯೋಚನೆ ದೊಡ್ಡದು. "ಎಲ್ಲಾ ನಮ್ಮವರು ಮೊದಲೇ ಹೇಳಿಬಿಟ್ಟಿದ್ದರು" ಅನ್ನುವವರು ಅವರ ನಿಜವಾದ ಕೆಲಸವನ್ನೇ ಓದಿರುವುದಿಲ್ಲ, ಅದು ನನಗೆ ನೋವಿನ ವಿಷಯ.

ಬೌದ್ಧ ದಾರ್ಶನಿಕ ವಸುಬಂಧು ಇಂಥ ಪರಮಾಣುವಾದಿಗಳನ್ನು ಹಿಡಿದು ನಿಲ್ಲಿಸಿದ. ಒಂದು ಪರಮಾಣುವಿಗೆ ಆರು ಕಡೆಯಿಂದ ಆರು ಪರಮಾಣು ತಾಗಿದರೆ ಅದಕ್ಕೆ ಆರು ಮುಖ ಆಯಿತು, ಅಂದರೆ ಭಾಗಗಳಿವೆ. ಭಾಗವಿಲ್ಲ ಅಂದರೆ ಏಳೂ ಒಂದೇ ಜಾಗದಲ್ಲಿರಬೇಕು, ಆಗ ಬೆಟ್ಟವೂ ಒಂದು ಪರಮಾಣುವಿನಷ್ಟೇ ಆಗಬೇಕು. ಎಂಥ ಪ್ರಶ್ನೆ ನೋಡಿ! ಏಳೂ ಒಂದೇ ಜಾಗದಲ್ಲಿ ಯಾಕೆ ಇರಬಾರದು ಅನ್ನುವುದಕ್ಕೆ ಭೌತವಿಜ್ಞಾನದ ಉತ್ತರ ಬಂದಿದ್ದು ಪೌಲಿಯ ಕಾಲಕ್ಕೆ. ಜೈನರು ವಸ್ತುವನ್ನು ಪುದ್ಗಲ ಅಂದರು, ಜೀವಕ್ಕೆ ಅಂಟುವ ಕರ್ಮವೂ ಸೂಕ್ಷ್ಮ ವಸ್ತುವೇ ಅಂದರು. ಸಾಂಖ್ಯರು ಮನಸ್ಸು, ಬುದ್ಧಿ, ಅಹಂಕಾರ ಎಲ್ಲವನ್ನೂ ಬಂಡೆಯ ಜೊತೆ ಪ್ರಕೃತಿಯ ಕಡೆಗೇ ಹಾಕಿ, ನೋಡುವ ಪುರುಷನನ್ನು, ಅಂದರೆ ಅರಿವನ್ನು, ಮಾತ್ರ ಆಚೆ ಇಟ್ಟರು. ಮಧ್ವರು ಜಗತ್ತು ಸತ್ಯ, ಒಂದು ಕಲ್ಲಿಗೂ ಇನ್ನೊಂದು ಕಲ್ಲಿಗೂ ಇರುವ ಭೇದವೂ ಸತ್ಯ ಅಂದರು.

ಮಾಯೆಯ ಮಾತು ಶಂಕರರದು. ಆದರೆ ಅವರು ಬಂಡೆ ಇಲ್ಲ ಅನ್ನಲಿಲ್ಲ. ಹೊರಗಿನ ವಸ್ತುವೇ ಇಲ್ಲ, ಎಲ್ಲಾ ಮನಸ್ಸಿನದು ಅಂದ ಬೌದ್ಧರ ವಿರುದ್ಧ ಬ್ರಹ್ಮಸೂತ್ರದ ಭಾಷ್ಯದಲ್ಲಿ ವಾದ ಮಾಡಿದವರೇ ಅವರು. ಊಟ ಮಾಡುತ್ತಾ, ಹೊಟ್ಟೆ ತುಂಬುತ್ತಿರುವುದು ತನಗೇ ಗೊತ್ತಾಗುತ್ತಾ, "ನಾನು ಉಣ್ಣುತ್ತಿಲ್ಲ, ನನಗೆ ತೃಪ್ತಿಯೂ ಆಗಿಲ್ಲ" ಅನ್ನುವವನ ಮಾತಿನ ಹಾಗಿದೆ ಇದು ಅಂದರು. ವ್ಯವಹಾರದಲ್ಲಿ ಬಂಡೆ ಇದೆ, ಎಡವಿದರೆ ಕಾಲು ನೋಯುತ್ತದೆ. ಅವರ ಪ್ರಶ್ನೆ, ಅದು ತನ್ನಷ್ಟಕ್ಕೆ ತಾನೇ ನಿಂತಿದೆಯಾ, ಯಾವತ್ತೂ ಬದಲಾಗದ ಸತ್ಯವಾ ಅಂತ. ಬ್ರಹ್ಮದ ಮೇಲೆ ನಿಂತ ಸತ್ಯ ಅದು ಅನ್ನುವುದು ಅವರ ಉತ್ತರ. ಪರಮಾಣು ಗಿಡಿದು ತುಂಬಿದ್ದರೂ ಅವರ ಪ್ರಶ್ನೆ ಹಾಗೇ ಉಳಿಯುತ್ತದೆ, ಪೂರ್ತಿ ಖಾಲಿ ಇದ್ದರೂ ಉಳಿಯುತ್ತದೆ. ಆಲ್ಫಾ ಕಣ ಹಾರಿಸಿ ಅದನ್ನು ಗೆಲ್ಲಿಸುವುದಕ್ಕೂ ಆಗಲ್ಲ, ಸೋಲಿಸುವುದಕ್ಕೂ ಆಗಲ್ಲ.

ಶರಣರ ಬಯಲನ್ನೂ ಇದಕ್ಕೆ ತಂದು ಸೇರಿಸುವವರಿದ್ದಾರೆ. ಫಿಸಿಕ್ಸ್‌ನಲ್ಲಿ ಎಲೆಕ್ಟ್ರಾನ್ ಅಂದರೆ ಜಾಗದ ತುಂಬ ಹರಡಿರುವ ಒಂದು ಫೀಲ್ಡಿನ ಅಲೆ, ಫೀಲ್ಡ್ ಅಂದರೆ ಬಯಲು ತಾನೇ ಅಂತ. ಪದ ಒಂದೇ ಆದ ಮಾತ್ರಕ್ಕೆ ವಿಷಯ ಒಂದಾಗಲ್ಲ. ಫಿಸಿಕ್ಸ್‌ನ ಫೀಲ್ಡನ್ನು ಅಳೆಯಬಹುದು, ಅದಕ್ಕೆ ಸಮೀಕರಣ ಇದೆ. ಶರಣರ ಬಯಲು ಅನುಭವದ ಮಾತು, ನಾನು ನನ್ನದು ಅನ್ನೋದು ಕರಗಿದ ಮೇಲಿನ ನಿಲುವು. ಆದರೆ ಒಂದು ಮಾತ್ರ ಬಯಲುಸೀಮೆಯವರಾದ ನಮಗೆ ಹೇಳಿಕೊಡಬೇಕಿಲ್ಲ. ಮಳೆಗೆ ಮುಂಚೆ ಜಗಳೂರು ಕಡೆ ಹೋದರೆ ಕಣ್ಣು ಹಾಯುವಷ್ಟು ದೂರ ಬರೀ ಮಣ್ಣು. ಅದನ್ನು ನೋಡಿ ಯಾವ ರೈತನೂ ಅಲ್ಲಿ ಏನೂ ಇಲ್ಲ ಅನ್ನಲ್ಲ. ಬಯಲು ಅನ್ನುತ್ತಾನೆ.